ಆರು ತಿಂಗಳೂ ತುಂಬದ ಕುರ್ಚಿ

ಚೀನಾದಲ್ಲಿ ಭ್ರಷ್ಟರಿಗೆ ಉಳಿಗಾಲವಿಲ್ಲ, ನಮ್ಮಲ್ಲಿಯೂ ಹಾಗೆಯೇ ಆಗಬೇಕು ಎಂಬ ಬರಹಗಳು ಇಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ. ಅವನ್ನು ಓದಿದಾಗಲೆಲ್ಲ ನನಗೆ ಜಿಯಾಂಗ್ ಜಿಯೆಮಿನ್ ನೆನಪಾಗುತ್ತಾರೆ.

ಶಾನ್‌ಡಾಂಗ್ ಪ್ರಾಂತ್ಯದ ಈ ಮನುಷ್ಯ ಅಲ್ಲಿನ ಶೆಂಗ್ಲಿ ತೈಲಕ್ಷೇತ್ರದಲ್ಲಿ ಕೆಲಸಕ್ಕೆ ಸೇರಿ, ಮುಂದೆ ಚಿಂಗ್‌ಹಾಯ್‌ನ ತೈಲಕ್ಷೇತ್ರದ ಮುಖ್ಯಸ್ಥರಾಗಿ, 2000ದಲ್ಲಿ ಅದೇ ಪ್ರಾಂತ್ಯದ ಉಪ ಗವರ್ನರ್ ಆದರು. 2004ರಲ್ಲಿ ಮತ್ತೆ ತೈಲಕ್ಕೆ ಮರಳಿ, 2006ರ ಹೊತ್ತಿಗೆ ಚೀನಾದ ಅತಿದೊಡ್ಡ ತೈಲ ಸಂಸ್ಥೆಯಾದ ಸಿಎನ್‌ಪಿಸಿಯ ಚುಕ್ಕಾಣಿ ಹಿಡಿದರು. (ಸುಡಾನ್‌ನ ತೈಲಕ್ಷೇತ್ರಗಳಲ್ಲಿ ನಮ್ಮ ಒಎನ್‌ಜಿಸಿ ವಿದೇಶ್‌ಗೆ ಪಾಲುದಾರನಾಗಿದ್ದದ್ದು ಇದೇ ಸಂಸ್ಥೆ; ಆ ಎಣ್ಣೆಯ ಮೊದಲ ಹಡಗು 2003ರಲ್ಲಿ ಬಂದು ನಿಂತದ್ದು ಮಂಗಳೂರಿನಲ್ಲಿ.) ಕಂಪನಿಯಿಂದ ಸರ್ಕಾರಕ್ಕೆ, ಸರ್ಕಾರದಿಂದ ಕಂಪನಿಗೆ ಹೀಗೆ ಓಡಾಡುವುದು ಅಲ್ಲಿ ವಿಶೇಷವೇನಲ್ಲ, ಏಕೆಂದರೆ ದೊಡ್ಡ ಸರ್ಕಾರಿ ಉದ್ದಿಮೆಯ ಅಧ್ಯಕ್ಷನನ್ನೂ ಪ್ರಾಂತ್ಯದ ಗವರ್ನರನನ್ನೂ ಆರಿಸುವ ಕೈ ಒಂದೇ, ಅದು ಕಮ್ಯುನಿಸ್ಟ್ ಪಕ್ಷದ್ದು.

2007ರ ನವೆಂಬರ್ 5ರಂದು ಸಿಎನ್‌ಪಿಸಿಯ ಅಂಗಸಂಸ್ಥೆ ಪೆಟ್ರೋಚೈನಾ ಶಾಂಘೈ ಷೇರುಪೇಟೆಗೆ ಕಾಲಿಟ್ಟಿತು. 16.70 ಯುವಾನ್‌ಗೆ ಹಂಚಿದ ಷೇರು 48.60ಕ್ಕೆ ತೆರೆದುಕೊಂಡಿತು, ಕಂಪನಿಯ ಮಾರುಕಟ್ಟೆ ಮೌಲ್ಯ ಲಕ್ಷ ಕೋಟಿ ಡಾಲರ್ ದಾಟಿತು. ಆ ಗಡಿ ಮುಟ್ಟಿದ ಜಗತ್ತಿನ ಮೊದಲ ಕಂಪನಿ ಅದು. ಆರು ತಿಂಗಳೊಳಗೆ ಅದೇ ಷೇರು ವಿತರಣಾ ಬೆಲೆಗಿಂತ ಕೆಳಗಿಳಿಯಿತು ಎನ್ನುವುದು ಬೇರೆ ಮಾತು. ಜಿಯಾಂಗ್ ಅವರ ಏಳಿಗೆಗೆ ಅದರಿಂದ ಏನೂ ಕುಂದಾಗಲಿಲ್ಲ. 2012ರ ಕೊನೆಯಲ್ಲಿ ಅವರು ಪಕ್ಷದ ಕೇಂದ್ರ ಸಮಿತಿಯ ಸದಸ್ಯರಾದರು.

ನನಗೆ ಮುಖ್ಯವೆನಿಸುವುದು ಮುಂದಿನ ನೇಮಕ. 2013ರ ಮಾರ್ಚ್‌ನಲ್ಲಿ ಅವರನ್ನು ಕೇಂದ್ರದ ನೂರಕ್ಕೂ ಹೆಚ್ಚು ಸರ್ಕಾರಿ ಉದ್ದಿಮೆಗಳ ಮೇಲೆ ನಿಗಾ ಇಡುವ ಆಯೋಗದ ಮುಖ್ಯಸ್ಥರನ್ನಾಗಿ ಮಾಡಲಾಯಿತು. ನಿನ್ನೆಯವರೆಗೆ ಲೆಕ್ಕ ಒಪ್ಪಿಸಬೇಕಾಗಿದ್ದವರೇ ಇಂದು ಲೆಕ್ಕ ಕೇಳುವವರಾದರು, ಮತ್ತು ಆ ಲೆಕ್ಕಗಳಲ್ಲಿ ಅತ್ಯಂತ ದೊಡ್ಡವುಗಳಲ್ಲೊಂದು ಅವರದೇ ಹಳೆಯ ಮನೆಯದಾಗಿತ್ತು. ಆಗಸ್ಟ್ ಕೊನೆಯಲ್ಲಿ ಸಿಎನ್‌ಪಿಸಿಯ ನಾಲ್ವರು ಹಿರಿಯರ ಮೇಲೆ ತನಿಖೆ ಶುರುವಾಯಿತು; ಸೆಪ್ಟೆಂಬರ್ 1ರಂದು ಜಿಯಾಂಗ್ ಅವರ ಹೆಸರೇ ಹೊರಬಿತ್ತು.

2015ರ ಅಕ್ಟೋಬರ್‌ನಲ್ಲಿ ಹುಬೇ ಪ್ರಾಂತ್ಯದ ನ್ಯಾಯಾಲಯವೊಂದು ಅವರಿಗೆ 16 ವರ್ಷಗಳ ಸೆರೆವಾಸ ವಿಧಿಸಿತು. ಸುಮಾರು 1.4 ಕೋಟಿ ಯುವಾನ್ ಲಂಚ, ಮೂಲ ಹೇಳಲಾಗದ ಆಸ್ತಿ, ಜೊತೆಗೆ ಅಧಿಕಾರದ ದುರುಪಯೋಗ. ಈ ಕೊನೆಯ ಆರೋಪದಲ್ಲಿಯೇ ಇಡೀ ಕಥೆಯ ಗಂಟು ಇದೆ ಎಂದು ನಾನು ಭಾವಿಸುತ್ತೇನೆ: ಝೌ ಯಾಂಗ್‌ಕಾಂಗ್ ಅವರ ಸೂಚನೆಯಂತೆ ಬೇರೆಯವರಿಗೆ ಲಾಭ ಮಾಡಿಕೊಟ್ಟರು ಎಂಬುದು ಆ ಆರೋಪ. ಝೌ ಸಹ ಹಿಂದೊಮ್ಮೆ ಸಿಎನ್‌ಪಿಸಿಯ ಮುಖ್ಯಸ್ಥರು, ಬಳಿಕ ಪಕ್ಷದ ಅತ್ಯುನ್ನತ ಕೂಟವಾದ ಪಾಲಿಟ್‌ಬ್ಯೂರೋ ಸ್ಥಾಯಿ ಸಮಿತಿಯಲ್ಲಿ ಪೊಲೀಸ್ ವ್ಯವಸ್ಥೆಯ ಮೇಲೆ ಹಿಡಿತವಿದ್ದ ಸದಸ್ಯರು. ಝೌ ಅಧಿಕಾರದಲ್ಲಿದ್ದಷ್ಟು ಕಾಲ ಜಿಯಾಂಗ್ ಮೆಟ್ಟಿಲು ಹತ್ತುತ್ತಲೇ ಹೋದರು. 2012ರಲ್ಲಿ ಝೌ ನಿವೃತ್ತರಾದ ಮರುವರ್ಷವೇ ಕಡತ ತೆರೆಯಿತು.

ಜಿಯಾಂಗ್ ನಿರ್ದೋಷಿ ಎಂದು ನಾನು ಹೇಳುತ್ತಿಲ್ಲ. ಆದರೆ ಮಾರ್ಚ್‌ನಲ್ಲಿ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ ಪಕ್ಷವೇ ಸೆಪ್ಟೆಂಬರ್‌ನಲ್ಲಿ ಅವರನ್ನು ಎಬ್ಬಿಸಿತು. ಕೂರಿಸಿದವರನ್ನು ಕರೆದು ಪ್ರಶ್ನಿಸುವ ಅಧಿಕಾರ ಹುಬೇಯ ಆ ನ್ಯಾಯಾಲಯಕ್ಕಿರಲಿಲ್ಲ.