ಸಿವಿಟಿ ಬಿಟ್ಟಿದ್ದು ಸುಮ್ಮನೆ ಅಲ್ಲ

ಸಿವಿಟಿ, ಅಂದರೆ ಗೇರಿನ ಹಲ್ಲುಗಳ ಬದಲು ಬೆಲ್ಟು-ಪುಲ್ಲಿಯಿಂದ ನಡೆಯುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಒಳ್ಳೆ ಮೈಲೇಜ್ ಕೊಡುವಾಗ ಕಾರು ಕಂಪನಿಗಳು ಎಂಟು-ಒಂಬತ್ತು ಗೇರಿನ ಆಟೋಮ್ಯಾಟಿಕ್ ಹಿಂದೆ ಯಾಕೆ ಬಿದ್ದಿವೆ ಅಂತ ಒಂದು ಲೇಖನದಲ್ಲಿ ಅದರ ಲೇಖಕರು ಕೇಳಿದ್ದಾರೆ. ನಿಸಾನ್‌ನ ಪಾತ್‌ಫೈಂಡರ್ ಎಸ್‌ಯುವಿ ನೋಡಿ ಸಾರ್. ಅಮೆರಿಕದಲ್ಲಿ 2013ರ ಮಾಡೆಲ್‌ಗೆ ಸಿವಿಟಿ ಹಾಕಿದವರೇ 2022ರ ಮಾಡೆಲ್‌ಗೆ ಗೇರ್‌ಬಾಕ್ಸ್ ಮಾಡುವ ಜೆಡ್‌ಎಫ್ ಕಂಪನಿಯ 9 ಗೇರಿನ ಆಟೋಮ್ಯಾಟಿಕ್ ತಂದರು. ಎಂಜಿನ್ ಆಗಲೂ ಈಗಲೂ 3.5 ಲೀಟರ್ ವಿ6.

ಸಿವಿಟಿಯಲ್ಲಿ ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟು. ಅದು ಜಾರದಂತೆ ಆಯಿಲ್ ಒತ್ತಡದಿಂದ ಅಮುಕಿ ಹಿಡಿಯಬೇಕು. ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಹೆಚ್ಚಿದಷ್ಟೂ ಹಿಡಿತ ಬಿಗಿಯಾಗಬೇಕು, ಪಂಪು ತಿನ್ನುವ ಶಕ್ತಿಯೂ ಜಾಸ್ತಿ, ಬಿಸಿಯೂ ಜಾಸ್ತಿ. ಟ್ರೇಲರ್ ಎಳೆಯುವ ಗಾಡಿಗೆ ಇದು ಅಷ್ಟಾಗಿ ಒಗ್ಗಲ್ಲ. ಹಲ್ಲಿಗೆ ಹಲ್ಲು ಕಚ್ಚಿಕೊಂಡ ಗೇರಿಗೆ ಆ ಭಯವಿಲ್ಲ.

ಭಾವನ ಸಿವಿಟಿ ಕಾರಲ್ಲಿ ಚಾರ್ಮಾಡಿ ಹತ್ತುತ್ತಿದ್ದೆ. ಬಸ್ಸೊಂದನ್ನು ಹಿಂದೆ ಹಾಕೋಣ ಅಂತ ಒತ್ತಿದರೆ ಆರ್‌ಪಿಎಂ ಮುಳ್ಳು 5,000ಕ್ಕೆ ಹಾರಿ ಅಲ್ಲೇ ನಿಂತಿತು, ಎಂಜಿನ್ ಮಿಕ್ಸಿ ಹಾಗೆ ಅರಚಿತು, ವೇಗ ಮಾತ್ರ ಆಮೇಲೆ ಬಂತು. ಹಿಂದೆ ಕೂತಿದ್ದ ಅತ್ತೆ "ಗಾಡಿ ಕೆಟ್ಟೋಯ್ತಾ?" ಅಂದರು!

ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿವಿಟಿಯಷ್ಟು ನುಣುಪು ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೂ ಟೊಯೋಟಾದವರು 2018ರಲ್ಲಿ ತೋರಿಸಿದ ಸಿವಿಟಿಗೆ ಕಾರು ಹೊರಡುವಾಗಿನ ಎಳೆತಕ್ಕೆಂದು ಒಂದು ನಿಜವಾದ ಗೇರನ್ನೇ ಸೇರಿಸಿದ್ದರು.