ಮೆಟ್ಟಿಲಿಗೊಂದು ಸ್ಪೀಕರ್

ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ಮೆಟ್ಟಿಲಿಗೊಂದು ಬ್ಲೂಟೂತ್ ಸ್ಪೀಕರ್ ಬೇಕಾ ಸ್ವಾಮಿ? ಬೆಳಿಗ್ಗೆ ಆರಕ್ಕೆ ಹಕ್ಕಿ ಕೂಗು ಕೇಳೋಣ ಅಂದ್ರೆ ಮುಂದೆ ಟಪ್ಪಾಂಗುಚ್ಚಿ, ಹಿಂದೆ ರೀಲ್ಸು. ದೊಡ್ಡದೇವರಾಜ ಒಡೆಯರ ಕಾಲದ ಕಲ್ಲಿಗೆ ಅರಿಶಿನ-ಕುಂಕುಮ ಹಚ್ಚಿದಿರಿ, ಸರಿ, ಹರಕೆ. ಅದರ ಮೇಲೆ ಕರ್ಪೂರ, ಎಣ್ಣೆ ಯಾಕೆ? ಮೊದಲೇ ಸವೆದು ನುಣುಪಾದ ಕಲ್ಲು, ಮೇಲೆ ಜಿಡ್ಡು, ಅದಕ್ಕೆ ಇಬ್ಬನಿ. ಇಳಿಯುವಾಗ ಹಿಮ್ಮಡಿ ಅಂಚಿಗೆ ಬಿತ್ತೋ, ನಂದಿ ದರ್ಶನ ಮಲಗಿಕೊಂಡೇ!

ಇವತ್ತಂತೂ ಒಬ್ಬ ಮಹಾನುಭಾವರು ಕೋತಿಗೆ ಕವರ್ ಸಮೇತ ಚಿಪ್ಸ್ ಕೊಟ್ಟು ಕೈಮುಗಿದರು. ಆಂಜನೇಯ ಅಂತೆ. ಆಂಜನೇಯ ತಿಂದು, ಕವರ್ ನೆಕ್ಕಿ, ಲಂಟಾನ ಪೊದೆಗೆ ಬಿಸಾಕಿದ. ಆಮೇಲೆ ಹಿಂದೆ ಬರುತ್ತಿದ್ದ ಅಜ್ಜಿಯ ಹಣ್ಣುಕಾಯಿ ಚೀಲಕ್ಕೆ ಕೈಹಾಕಿದ. ರುಚಿ ಹತ್ತಿಸಿದವರು ಅಷ್ಟರಲ್ಲಿ ಸೆಲ್ಫಿಗೆ ನಿಂತಿದ್ದರು.