ಸತ್ಯಾಂಶ: ದುಬೈನಲ್ಲಿ ವಿಲ್ಲಾ ಕೊಂಡರೆ ಪೌರತ್ವ ಸಿಗುತ್ತದೆಯೇ?

"ದುಬೈನಲ್ಲಿ 20 ಲಕ್ಷ ದಿರ್ಹಮ್‌ನ ಮನೆ ಕೊಳ್ಳಿ, ಇಡೀ ಕುಟುಂಬಕ್ಕೆ ಪೌರತ್ವ, ತೆರಿಗೆಯೇ ಇಲ್ಲ" ಎಂಬ ವಾಟ್ಸಾಪ್ ಸಂದೇಶ ತಪ್ಪು.

ಆ ಮೊತ್ತಕ್ಕೆ ಸಿಗುವುದು ಗೋಲ್ಡನ್ ವೀಸಾ: 10 ವರ್ಷ ಅಲ್ಲಿ ವಾಸಿಸುವ ಅನುಮತಿ. ಸಂಗಾತಿ, ಮಕ್ಕಳನ್ನೂ ಅದರಡಿ ಕರೆಸಿಕೊಳ್ಳಬಹುದು. ಮನೆ ಮಾರಿದರೆ ವೀಸಾದ ಆಧಾರವೇ ಹೋಗುತ್ತದೆ. ವಿದೇಶಿಯರು ಪೂರ್ಣ ಒಡೆತನ ಪಡೆಯುವುದೂ ನಿಗದಿತ ಪ್ರದೇಶಗಳಲ್ಲಿ ಮಾತ್ರ.

ಕೈಯಿಂದ ಹಾಕಬೇಕಾದ ಹಣವನ್ನು ಬಹಳ ಜನ ಕಡಿಮೆ ಅಂದಾಜಿಸುತ್ತಾರೆ. 60 ಲಕ್ಷ ದಿರ್ಹಮ್‌ನ ವಿಲ್ಲಾ ಎಂದುಕೊಳ್ಳಿ. 50 ಲಕ್ಷ ದಾಟಿದ ಮನೆಗೆ ವಲಸಿಗರಿಗೆ ಬ್ಯಾಂಕ್ ಸಾಲ ಹೆಚ್ಚೆಂದರೆ 70%. ಉಳಿದ 18 ಲಕ್ಷ ನಿಮ್ಮದು. ಭೂ ಇಲಾಖೆಯ 4% ಶುಲ್ಕ 2.4 ಲಕ್ಷ, ಏಜೆಂಟರ ಕಮಿಷನ್ ಸಾಮಾನ್ಯವಾಗಿ 2%, ಅಂದರೆ 1.2 ಲಕ್ಷ. ಅಲ್ಲಿಗೇ 21.6 ಲಕ್ಷ ಆಯಿತು. ವರ್ಷವರ್ಷದ ನಿರ್ವಹಣಾ ಶುಲ್ಕ ಬೇರೆ.

ಬಾಡಿಗೆ ಆದಾಯಕ್ಕೆ ಅಲ್ಲಿ ವೈಯಕ್ತಿಕ ತೆರಿಗೆ ಇಲ್ಲ, ನಿಜ. ಆದರೆ ಮುಂದೆ ಬೆಂಗಳೂರಿಗೋ ಮಂಗಳೂರಿಗೋ ಮರಳಿ, ತೆರಿಗೆ ಲೆಕ್ಕದಲ್ಲಿ ಪೂರ್ಣ ನಿವಾಸಿಯಾದ ಮೇಲೆ ಆ ಬಾಡಿಗೆಗೆ ಭಾರತದಲ್ಲಿ ತೆರಿಗೆ ಉಂಟು. ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಮನೆಯನ್ನೂ ತೋರಿಸಲೇಬೇಕು.

ಕಟ್ಟುತ್ತಿರುವ ಮನೆಯಾದರೆ, ಕಂತನ್ನು ಆ ಯೋಜನೆಯ ನೋಂದಾಯಿತ ಎಸ್ಕ್ರೋ ಖಾತೆಗೇ (ಖರೀದಿದಾರರ ಹಣವನ್ನು ಆ ಯೋಜನೆಗೆಂದೇ ಕಾಯ್ದಿಡುವ ಬ್ಯಾಂಕ್ ಖಾತೆ) ಕಟ್ಟಿ, ಏಜೆಂಟರ ಖಾತೆಗೆ ಬೇಡ.